ನಿಜವಾದ ಎಮ್ಮಾಹು

"ಗುರುಗಳೇ, ನಿಜವಾದ ಎಮ್ಮಾಹು ಯಾವುದು?" ಎಂದು ನತಾನಿಯೇಲ ಕೇಳಿದ.

ಬೆಟಗೇರಿಯ ಹಿರಿಯ ಬೋಧಕ ದೇವದಾನಪ್ಪನವರು ಅವನ ಮುಂದೆ ತಟ್ಟೆಯಿಟ್ಟು ಜೋಳದ ರೊಟ್ಟಿ, ಎಣಗಾಯಿ ಬಡಿಸಿದ್ದರು. ನತಾನಿಯೇಲ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಮೊದಲು ಉತ್ತರ ಹೇಳಿ, ಆಮೇಲೆ ಊಟ. ಮುಂದಿನ ವಾರ ಯೆರೂಸಲೇಮಿಗೆ ಹೊರಟಿದ್ದೇನೆ. ಸತ್ತು ಎದ್ದುಬಂದ ಯೇಸು ಇಬ್ಬರು ಶಿಷ್ಯರ ಜೊತೆ ದಾರಿಯುದ್ದಕ್ಕೂ ನಡೆದರೂ ಅವರಿಗೆ ಗುರುತು ಸಿಗಲಿಲ್ಲ, ಎಮ್ಮಾಹು ಊರಿನಲ್ಲಿ ಆತ ರೊಟ್ಟಿ ಮುರಿದಾಗಲೇ ಸಿಕ್ಕಿದ್ದು ಎಂದು ಓದಿದ್ದೇವೆ. ಈಗ ನೋಡಿದರೆ ಇದೇ ಎಮ್ಮಾಹು, ಅದೇ ಎಮ್ಮಾಹು ಎಂದು ಮೂರು ನಾಲ್ಕು ಊರು ತೋರಿಸುತ್ತಾರಂತೆ. ನನ್ನ ಪ್ರಾರ್ಥನೆ ಬಾಯಿಗೆ ಬರುತ್ತದೆ, ಎದೆಗೆ ಇಳಿಯುವುದಿಲ್ಲ, ವರ್ಷವಾಯಿತು. ತಪ್ಪು ಊರಿನಲ್ಲಿ ಮೊಣಕಾಲೂರಿ ಬಂದರೆ ಏನು ಬಂತು?"

"ಹೊಟ್ಟೆ ಚುರುಗುಟ್ಟುವಾಗ ಇಷ್ಟು ದೊಡ್ಡ ಪ್ರಶ್ನೆ ನನಗಂತೂ ಹೊಳೆಯುವುದಿಲ್ಲಪ್ಪಾ" ಎಂದು ಗುರುಗಳು ನಕ್ಕರು. ತಮ್ಮ ತಟ್ಟೆಯನ್ನೂ ಬದಿಗಿಟ್ಟು ಕತೆ ಶುರುಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ದೇವರು ಇದ್ದಾನೋ ಇಲ್ಲವೋ ಎಂಬುದೇ ತಿಳಿಯದಾಯಿತು. ಎಮ್ಮಾಹುವಿನ ಕತೆ ಅವಳಿಗೆ ಅಚ್ಚುಮೆಚ್ಚು. ಆ ಜಾಗದಲ್ಲಿ ನಿಂತರೆ ಆ ಶಿಷ್ಯರ ಎದೆಯಂತೆ ತನ್ನ ಎದೆಯೂ ಒಮ್ಮೆ ಬೆಚ್ಚಗಾದೀತು ಎಂಬ ಆಸೆಯಿಂದ ಹಡಗು ಹತ್ತಿದ. ಯೆರೂಸಲೇಮಿಗೆ ಬಂದ. ನಮ್ಮ ಜನ ಗೊತ್ತಲ್ಲ, ಸುಮ್ಮನೆ ಎಲ್ಲಿ ಹೋಗುತ್ತಾರೆ? ಒಂದು ಹರಕೆಯನ್ನೂ ಹೊತ್ತ. ಊರಬಾಗಿಲು ದಾಟಿದ ಮೇಲೆ ನಿಜವಾದ ಎಮ್ಮಾಹು ಕಾಣುವ ತನಕ ಒಂದು ತುತ್ತೂ ಮುಟ್ಟುವುದಿಲ್ಲ ಎಂದ. ದೇವರೇನೂ ಕೇಳಿರಲಿಲ್ಲ.

ದಾರಿಯಲ್ಲಿ ಒಬ್ಬ ದಾರಿಹೋಕ ಜೊತೆಯಾದ. ಮಾತಿಗೆ ಮಾತು ಬೆಳೆಯಿತು. ಯಾರ ಮುಂದೆಯೂ ಬಾಯಿ ಬಿಡದ ವ್ಯಾಪಾರಿ ಅವನ ಮುಂದೆ ಹೆಂಡತಿಯ ಸುದ್ದಿ ತೆಗೆದ, ಅತ್ತ, ಹಗುರಾದ. ಯಾಕೆ ಹಗುರಾದೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಮೊದಲ ಊರಿನಲ್ಲಿ ಹಳೆಯ ಕಲ್ಲುಕಂಬಗಳಿದ್ದವು. ದಾರಿಹೋಕ ನೆರಳಿನಲ್ಲಿ ಬುತ್ತಿ ಬಿಚ್ಚಿ ಕರೆದ. ವ್ಯಾಪಾರಿ ಕಂಬಗಳನ್ನು ಸವರಿ ನೋಡಿದ, ಕಾವಲುಗಾರನನ್ನು ವಿಚಾರಿಸಿದ, ಅನುಮಾನ ಬಂತು, ಮುಂದೆ ನಡೆದ. ದಾರಿಹೋಕ ಬುತ್ತಿ ಕಟ್ಟಿಕೊಂಡು ಹಿಂದೆಯೇ ಬಂದ. ಎರಡನೆಯ ಊರಿನಲ್ಲಿ ಒಂದು ಬುಗ್ಗೆ ಇತ್ತು. ಅಲ್ಲಿಯೂ ಇದೇ ಹಾಡು.

ಹೊತ್ತು ಇಳಿಯುವಾಗ ದಾರಿ ಕವಲೊಡೆಯಿತು. ದಾರಿಹೋಕ ನಿಂತ.

"ಸಂಜೆಯಾಯಿತಣ್ಣಾ. ಒಬ್ಬನೇ ಉಂಡರೆ ನನಗೆ ಸೇರುವುದಿಲ್ಲ. ಕೂತುಕೋ."

"ಹರಕೆ ಮುರಿಯಲಾರೆ. ಎಮ್ಮಾಹು ಸಿಗಲಿ, ಉಣ್ಣುತ್ತೇನೆ" ಎಂದು ವ್ಯಾಪಾರಿ ಹೊರಟೇಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಅಳುತ್ತಾರೆ. ಈ ಮಹಾರಾಯ ಬಾಯಿಗೆ ಬಂದದ್ದನ್ನು ಕೈಯಾರೆ ತಳ್ಳಿದ.

ಮೂರನೆಯ ಊರಿನಲ್ಲಿ ಮುದುಕಿಯೊಬ್ಬಳು ಅಂಗಳ ಗುಡಿಸುತ್ತಿದ್ದಳು. ಇದು ನಿಜವಾದ ಎಮ್ಮಾಹುವೇ ಎಂದು ವ್ಯಾಪಾರಿ ಕೇಳಿದ. ಅವಳು ಅವನ ಬೆನ್ನ ಹಿಂದಿನ ದಾರಿ ನೋಡಿದಳು.

"ಯಾರಿಗೆ ಗೊತ್ತು ಮಗನೇ? ಒಬ್ಬನೇ ಬಂದೆಯಾ?" ಎಂದಳು.

ವ್ಯಾಪಾರಿ ಹಿಂದಿರುಗಿ ನೋಡಿದ. ಬಂದ ದಾರಿಯಲ್ಲೇ ಓಡಿದ. ಕವಲಿನಲ್ಲಿ ಯಾರೂ ಇರಲಿಲ್ಲ. ಕಲ್ಲಿನ ಮೇಲೆ ಅರ್ಧ ರೊಟ್ಟಿ ಇತ್ತು. ದಿನವಿಡೀ ಜೊತೆಗೆ ನಡೆದವನ ಹೆಸರನ್ನೂ ಅವನು ಕೇಳಿರಲಿಲ್ಲ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ನತಾನಿಯೇಲನಿಗೆ ತಡೆಯಲಾಗಲಿಲ್ಲ. "ಆ ದಾರಿಹೋಕ ಯಾರು ಗುರುಗಳೇ? ಆತನೇನಾ?"

ದೇವದಾನಪ್ಪನವರು ಬದಿಗಿಟ್ಟಿದ್ದ ತಟ್ಟೆಯನ್ನು ಮತ್ತೆ ಮುಂದಕ್ಕೆಳೆದುಕೊಂಡರು. ಅದರಲ್ಲಿನ ರೊಟ್ಟಿಯೂ ಹಾಗೇ ಇತ್ತು. ನತಾನಿಯೇಲ ಅದನ್ನು ಗಮನಿಸಿದ್ದು ಆಗ ಮಾತ್ರ.

"ನನಗೂ ಹಸಿವಾಗಿದೆ, ನತಾನಿಯೇಲ, ರೊಟ್ಟಿ ಮುರಿ."