ನಿಂತವ್ವನ ಗುಡ್ಡ

ಸಣ್ಣಕಲ್ಲೂರಿನ ಪಡುವಣಕ್ಕೆ, ಜೋಳದ ಹೊಲ ಮುಗಿದು ಬರೀ ಕಲ್ಲು ಶುರುವಾಗುವ ಕಡೆ ನಿಂತವ್ವನ ಗುಡ್ಡವಿದೆ. ನೆತ್ತಿಯ ಮೇಲೆ ಆಳೆತ್ತರದ ಒಂದು ಬಂಡೆ, ಅದರ ಮೈಮೇಲೆ ಕಂದು ಕಂಬಳಿ, ಬುಡದಲ್ಲಿ ತುಕ್ಕು ಹಿಡಿದ ಗೆಜ್ಜೆಗಳು. ಗುಡಿಯಿಲ್ಲ, ಪೂಜಾರಿಯಿಲ್ಲ. ಹೊಸಬರು ಯಾವುದೋ ದೇವಿಯೆಂದು ಕೈಮುಗಿಯುತ್ತಾರೆ. ಮುಗಿಯಲಿ, ತಪ್ಪೇನಿಲ್ಲ. ಆದರೆ ಇದು ಬೇಟೆಗಾರನೊಬ್ಬನ ಹೆಂಡತಿಯ ಕಲ್ಲು.

ಹಿಂದೆ, ಪಾಳೆಯಗಾರರ ಕಾಲದಲ್ಲಿ, ಈ ಊರಲ್ಲಿ ತಿರಕನಾಯಕನೆಂಬ ಬೇಟೆಗಾರನಿದ್ದನಂತೆ. ಅವನ ಬಳಿ ಮೂರು ಬೇಟೆನಾಯಿಗಳು. ಉದ್ದ ಕಾಲು, ಸಣ್ಣ ನಡು, ಮೂಗಿಗಿಂತ ಕಣ್ಣನ್ನೇ ನಂಬುವ ಜಾತಿ. ಓಡಿದ್ದನ್ನು ಮೊದಲು ಕೆಡವುತ್ತವೆ, ಆಮೇಲೆ ಮೂಸುತ್ತವೆ. ಅದಕ್ಕೇ ಬೇಟೆಗಾರರಲ್ಲಿ ಒಂದು ಕಟ್ಟಳೆ: ಕಂಡದ್ದಕ್ಕೆ ನಾಯಿ ಬಿಡು, ಕೇಳಿದ್ದಕ್ಕೆ ಬಿಡಬೇಡ. ಮಂಜಿನಲ್ಲಂತೂ ಹಗ್ಗ ಬಿಚ್ಚುವಂತೆಯೇ ಇಲ್ಲ. ನಾಯಿ ಬಿಟ್ಟಿದ್ದಾರೆಂದು ತಿಳಿದರೆ ನಿಂತಲ್ಲೇ ನಿಲ್ಲಬೇಕೆಂಬುದು ಅವರ ಮನೆಯ ಹೆಂಗಸರಿಗೂ ಗೊತ್ತಿತ್ತು.

ಒಂದು ಪುಷ್ಯ ಮಾಸದಲ್ಲಿ ಗುಡ್ಡದ ಕಾಡುಬೆಕ್ಕೊಂದು ಕುರಿಹಟ್ಟಿಯ ಎಳೆಮರಿಗಳಿಗೆ ಬಾಯಿ ಹಾಕತೊಡಗಿತು. ತಿರಕನಾಯಕ ಎರಡು ದಿನ ಅಲೆದು ಬರಿಗೈಯಲ್ಲಿ ಬಂದ. ಊರಬಾಗಿಲ ಅಗಸೆಕಟ್ಟೆಯ ಮೇಲೆ ಕುಳಿತಿದ್ದ ಹಟ್ಟಿಯ ಯಜಮಾನ ಎಲ್ಲರೆದುರು ಕೇಳಿದ: "ನಾಯಕಾ, ಈ ನಾಯಿಗೆ ರೊಟ್ಟಿ ಹಾಕೋದಕಿಂತ ಆ ಬೆಕ್ಕಿಗೇ ಹಾಲು ಇಟ್ರ ಚಲೋ ಅಲ್ಲೇನು?" ಕಟ್ಟೆಯೆಲ್ಲ ನಕ್ಕಿತು. ಮರುದಿನ ಬೆಳಗ್ಗೆ ಕೈ ಚಾಚಿದರೆ ಬೆರಳು ಕಾಣದಷ್ಟು ಮಂಜು. ಹೆಂಡತಿ ಕೆಂಚವ್ವ ಏಳುವ ಮೊದಲೇ ಅವನು ನಾಯಿಗಳನ್ನು ಹಿಡಿದು ಗುಡ್ಡ ಹತ್ತಿದ್ದ. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟವನು ಕಟ್ಟಳೆಯನ್ನೆಲ್ಲಿ ನೆನೆದಾನು!

ನೆತ್ತಿಯ ಕಡೆ ಒಂದು ಕಲ್ಲು ಉರುಳಿದ ಸದ್ದಾಯಿತು. ನಾಯಿಗಳ ಕಿವಿ ನಿಮಿರಿದವು. ಬೆಕ್ಕೇ ಎಂದುಕೊಂಡು ಅವನು ಹಗ್ಗ ಬಿಟ್ಟ. ಕೊರಳ ಗೆಜ್ಜೆಗಳು ಝಲ್ಲೆಂದು ಮೇಲೇರಿದವು. ಆಗ ಅದೇ ದಿಕ್ಕಿನಿಂದ ಕೆಂಚವ್ವನ ದನಿ ಬಂತು: "ಎಲ್ಲದೀರಿ? ಮಂಜು ಇಳದೈತಿ, ನಾಯಿ ಬಿಡಬ್ಯಾಡ್ರಿ, ಮನಿಗೆ ಬರ್ರಿ!" ಅವನನ್ನು ತಡೆಯಲೆಂದೇ ಕಂದು ಕಂಬಳಿ ಹೊದ್ದು, ಇನ್ನೊಂದು ದಾರಿಯಿಂದ ಅವಳು ಹತ್ತಿದ್ದಳು.

ತಿರಕನಾಯಕನ ಜೀವ ಬಾಯಿಗೆ ಬಂತು. 'ಓ' ಎನ್ನಲು ಬಾಯಿ ತೆರೆದವನು ಅಲ್ಲೇ ನುಂಗಿಕೊಂಡ. ಓಗೊಟ್ಟರೆ ಮಾತು ಮುಗಿಯುವ ಮೊದಲೇ ಅವಳು ದನಿಯ ಕಡೆ ಓಡಿ ಬರುತ್ತಾಳೆ. ಓಡಿದರೆ ಮುಗಿಯಿತು. ಬೆನ್ನು ಹತ್ತಿದ ನಾಯಿಗಳು ಯಾರ ಮಾತೂ ಕೇಳುವವಲ್ಲ. ತಾನು ಹೊದ್ದ ಕಂಬಳಿಯ ಚುಂಗನ್ನು ಬಾಯಿಗೆ ತುರುಕಿಕೊಂಡು ಮಂಡಿಯೂರಿದ. ಅವಳು ಮತ್ತೊಮ್ಮೆ ಕರೆದಳು, ಅವನು ಮತ್ತೂ ಸುಮ್ಮನಿದ್ದ. ಗೆಜ್ಜೆಗಳು ನೆತ್ತಿಯ ಸುತ್ತ ಒಂದು ಸುತ್ತು ಹಾಕಿದವು, ಇನ್ನೊಂದು ಸುತ್ತು ಹಾಕಿದವು, ಆಮೇಲೆ ಒಮ್ಮೆಲೇ ನಿಂತವು. ಬೇಟೆ ಕೆಡವಿದಾಗಲೂ ಅವು ಹೀಗೆಯೇ ನಿಲ್ಲುತ್ತಿದ್ದವು. ಅಂಥ ಹೆದರಿಕೆಯನ್ನು ಅವನು ಚಿರತೆಯ ಎದುರಲ್ಲೂ ಕಂಡಿರಲಿಲ್ಲ. ತೆವಳುತ್ತಲೇ ಮೇಲೆ ಹೋದ.

ನೆತ್ತಿ ಮುಟ್ಟುವ ಹೊತ್ತಿಗೆ ಬಿಸಿಲು ತಾಗಿ ಮಂಜು ಸಡಿಲವಾಯಿತು. ಕೆಂಚವ್ವ ಬಂಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಮೂರೂ ನಾಯಿಗಳು ಅವಳ ಮುಂದೆ ನಾಲಿಗೆ ಚಾಚಿ ಕುಳಿತಿದ್ದವು. ಅವನು ನಾಯಿಗಳಿಗೆ ಹಗ್ಗ ಕಟ್ಟಿ, "ಹೆಂಗ ನಿಂತಿ?" ಎಂದ. ಅವಳು ಬಂಡೆಯ ಪಕ್ಕದ ಸಂದಿಯನ್ನು ಕಣ್ಣಲ್ಲೇ ತೋರಿಸಿದಳು. ಒಂದು ಮಾರಿನಾಚೆ ಕಾಡುಬೆಕ್ಕು ತನ್ನ ಮರಿಗಳನ್ನು ಹೊಟ್ಟೆಗೆ ಅವಚಿಕೊಂಡು, ಮೀಸೆಯೂ ಅಲುಗದಂತೆ ಅಡಗಿತ್ತು. "ಗೆಜ್ಜಿ ಸಪ್ಪಳ ಕೇಳಿ ಓಡಬೇಕಂತ ಕಾಲು ಎತ್ತಿದ್ದೆ. ಅದು ಮಿಸುಕಲಿಲ್ಲ. ಅದನ್ನ ನೋಡ್ಕೋತ ನಾನೂ ನಿಂತೆ," ಎಂದಳಂತೆ.

ತಿರಕನಾಯಕ ನಾಯಿಗಳ ಕೊರಳಿನ ಗೆಜ್ಜೆ ಬಿಚ್ಚಿ ಆ ಬಂಡೆಯ ಬುಡದಲ್ಲೇ ಇಟ್ಟು ಬಂದನೆನ್ನುತ್ತಾರೆ. ಆ ಗುಡ್ಡದಲ್ಲಿ ಮತ್ತೆ ಯಾರೂ ನಾಯಿ ಬಿಟ್ಟಿಲ್ಲ. ವರ್ಷಕ್ಕೊಮ್ಮೆ, ಪುಷ್ಯದಲ್ಲಿ, ಊರ ಹೆಂಗಸರು ಬಂಡೆಗೆ ಹೊಸ ಕಂಬಳಿ ಹೊದಿಸುತ್ತಾರೆ, ಪಕ್ಕದ ಸಂದಿಯಲ್ಲಿ ಒಂದು ಕುಡಿಕೆ ಹಾಲಿಡುತ್ತಾರೆ. ಇಂದಿಗೂ ಸಂದಿಯಲ್ಲಿ ಬೆಕ್ಕಿನ ಹೆಜ್ಜೆಗಳು ಕಾಣುತ್ತವೆ. ಇನ್ನೊಂದನ್ನೂ ನೋಡಬಹುದು: ದಪ್ಪ ಹನಿಯ ಮಳೆ ಬಂದರೂ ಸಣ್ಣಕಲ್ಲೂರಿನವರು ಆ ನೆತ್ತಿಯಿಂದ ಓಡಿ ಇಳಿಯುವುದಿಲ್ಲ.