ಅರ್ಧಕ್ಕೆ ಎದ್ದ ಪಂಕ್ತಿ

ಹೊಳೆದಂಡೆಯ ಮೇಲೆ ಒಂದು ಮಠ. ಅಲ್ಲಿಯ ಗುರುಗಳು ನಿರ್ವಾಣಯ್ಯ. ಎಲ್ಲರ ಬಾಯಲ್ಲೂ ಅವರು ಅಜ್ಜಾರು. ಅವರ ಶಿಷ್ಯೆ ನೀಲಗಂಗಾ.

ನೀಲಗಂಗಾಳಿಗೆ ಥೈರಾಯ್ಡ್. ಗುಳಿಗೆ ತಪ್ಪಿಸಿದವಳಲ್ಲ. ಆದರೂ ಮೈಯಲ್ಲಿ ಕಸುವೇ ಇಲ್ಲ. ರಣಬಿಸಿಲಲ್ಲೂ ಶಾಲು ಬೇಕು, ಬಾಚಿದರೆ ಹಣಿಗೆ ತುಂಬ ಕೂದಲು, ಉಣ್ಣಲು ಕೂತರೆ ತುತ್ತು ಎತ್ತುವುದಕ್ಕೂ ಹೊತ್ತು.

ಪೇಟೆಯ ದವಾಖಾನೆಗೆ ಹೋಗಿ ರಕ್ತ ಕೊಟ್ಟು ಬಂದಳು. ರಿಪೋರ್ಟ್ ನಾರ್ಮಲ್!

"ರಿಪೋರ್ಟ್ ಬರೋಬರಿ ಐತಿ ಅಂದ್ರ ಸುಸ್ತು ಎಲ್ಲಿಂದ ಬಂತು? ಮೈಗಳ್ಳತನಕ್ಕ ಗುಳಿಗಿ ಇಲ್ಲ ಬಿಡ್ರಿ," ಎಂದ ಅಡುಗೆಯ ಕಲ್ಲಪ್ಪ.

ಎಲುಬಿಲ್ಲದ ನಾಲಿಗೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ನೀಲಗಂಗಾಳಿಗೂ ಹಾಗೇ ಅನ್ನಿಸತೊಡಗಿತ್ತು. ಸಂಕಟ ಇದ್ದದ್ದು ಅಲ್ಲೇ. ಮಠಕ್ಕೆ ಭಾರವಾಗಿ ಇರುವುದಕ್ಕಿಂತ ಊರಿಗೆ ಹೋಗಿಬಿಡುವುದೇ ಲೇಸು ಅಂದುಕೊಂಡು ಬಟ್ಟೆ ಗಂಟು ಕಟ್ಟಿಟ್ಟಳು.

ಆ ಮಠದಲ್ಲಿ ಒಂದು ಪದ್ಧತಿ. ಕಡೆಯವರ ಊಟ ಮುಗಿಯುವ ತನಕ ಪಂಕ್ತಿಯಿಂದ ಯಾರೂ ಏಳುವಂತಿಲ್ಲ. ಒಬ್ಬರು ಎದ್ದರೂ ಪಂಕ್ತಿ ಮುರಿಯಿತು, ಉಳಿದವರೂ ಎಲೆ ಬಿಟ್ಟು ಏಳಬೇಕು.

ದಿನವೂ ಕಡೆಯವಳು ನೀಲಗಂಗಾ. ಎಲ್ಲರೂ ಒಣಗಿದ ಕೈಯಲ್ಲಿ ತನಗಾಗಿ ಕಾಯುವುದನ್ನು ನೋಡಿ ನೋಡಿ ಅವಳಿಗೆ ಉಂಡದ್ದು ರುಚಿಸುತ್ತಲೇ ಇರಲಿಲ್ಲ.

ಆವತ್ತು ಹೋಳಿಗೆ ಊಟ. ಇವತ್ತಾದರೂ ಯಾರೂ ಕಾಯುವುದು ಬೇಡ ಅಂತ ಅವಳು ಅರ್ಧಕ್ಕೇ ಎದ್ದುಬಿಟ್ಟಳು. ಉಪಕಾರ ಮಾಡುವ ಭರದಲ್ಲಿ ಪದ್ಧತಿಯೇ ಮರೆತುಹೋಗಿತ್ತು.

ಅಯ್ಯೋ ಶಿವನೇ! ಅಜ್ಜಾರು ಎದ್ದರು. ಪಂಕ್ತಿಯೆಲ್ಲ ಎದ್ದಿತು. ಹೋಳಿಗೆ ಮೇಲೆ ಆಗಷ್ಟೇ ತುಪ್ಪ ಹಾಕಿಸಿಕೊಂಡಿದ್ದ ಕಲ್ಲಪ್ಪನೂ ಎಲೆಯನ್ನೇ ನೋಡುತ್ತ ಎದ್ದ.

ನೀಲಗಂಗಾ ಹೊಳೆಯ ಮೆಟ್ಟಿಲ ಮೇಲೆ ಶಾಲು ಹೊದ್ದು ಅಳುತ್ತ ಕೂತಳು. ಅಜ್ಜಾರು ಬೆವರು ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತರು.

"ಯಾಕ ಎದ್ದಿ ತಂಗಿ?"

"ನನ್ನ ಸಲುವಾಗಿ ಎಲ್ಲಾರೂ ಕಾಯೂದು ಬ್ಯಾಡ ಅಂತ ಎದ್ದೆರೀ. ನಾಳಿ ಊರಿಗೆ ಹೋಗ್ತೀನ್ರೀ ಅಜ್ಜಾರ. ರಿಪೋರ್ಟಿನ್ಯಾಗ ಏನೂ ಇಲ್ಲ. ನನ್ನ ಸುಸ್ತು ಸುಳ್ಳ ಇರಬೇಕು."

ಅಜ್ಜಾರು ಅವಳ ಕಡೆ ತಿರುಗಿದರು. "ಹೊಟ್ಟಿ ತುಂಬೈತೇನು?" ಎಂದರು.

"ಇಲ್ರೀ. ಹಸಿವಿ ಆಗೈತ್ರಿ."

"ಹೌದಾ? ಅದನ್ನ ಯಾವ ರಿಪೋರ್ಟ್ ನೋಡಿ ಹೇಳಿದಿ?"

ನೀಲಗಂಗಾ ಬಾಯಿ ತೆರೆದಳು. ಬಂದದ್ದು ನಗು. ಅಳುವ ನಡುವೆಯೇ ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು.

"ಗುಳಿಗಿ ಬಿಡಬ್ಯಾಡ. ದವಾಖಾನಿಗೆ ಮತ್ತ ಹೋಗು," ಎಂದರು ಅಜ್ಜಾರು. "ಈ ಸಲ ಕಾಗದ ಅಷ್ಟ ಮುಂದ ಮಾಡಬ್ಯಾಡ. ಕುಂತು, ಆಗೂದೆಲ್ಲಾ ಬಾಯಿಬಿಟ್ಟು ಹೇಳು. ಈಗ ಏಳು, ಉಣ್ಣೂಣು."

ಮಠದಲ್ಲಿ ಮತ್ತೆ ಎಲೆ ಹಾಕಿದರು. ಅಜ್ಜಾರು ಅವಳ ಪಕ್ಕದಲ್ಲೇ ಕೂತು ಅವಳಿಗಿಂತ ನಿಧಾನವಾಗಿ ಉಣ್ಣತೊಡಗಿದರು. ಎದುರಿನ ಸಾಲಿನಿಂದ ಕಲ್ಲಪ್ಪ ಕೈಮುಗಿದ.

"ಸಾವಕಾಶ ಉಣ್ಣಕ್ಕಾ. ನನ್ನ ಮಾತು ತಪ್ಪಾತು. ನೀ ಮತ್ತ ಎದ್ದಿ ಅಂದ್ರ ಈ ಹೋಳಿಗಿನೂ ಹೋಗತೈತಿ!"

ಪಂಕ್ತಿಯೆಲ್ಲ ನಕ್ಕಿತು. ನೀಲಗಂಗಾ ಶಾಲು ಸರಿಮಾಡಿಕೊಂಡು ಸಣ್ಣ ತುತ್ತು ಮುರಿದಳು. ಸುಸ್ತು ಹಾಗೇ ಇತ್ತು. ಅದನ್ನು ಇನ್ನು ಬಚ್ಚಿಡಬೇಕಾಗಿರಲಿಲ್ಲ. ಹೋಳಿಗೆ ಬಲು ರುಚಿಯಾಗಿತ್ತು.

ಎಲ್ಲರ ಊಟ ಮುಗಿದರೂ ಅವಳ ಎಲೆಯಲ್ಲಿ ಇನ್ನೂ ಇತ್ತು. ಯಾರೂ ಏಳಲಿಲ್ಲ.

"ಮತ್ತ ನಾಳಿ ಊರಿಗೆ ಹೋಗೂದು?" ಎಂದು ಕೇಳಿದರು ಅಜ್ಜಾರು.

"ಉಂಡಾದ ಮ್ಯಾಲ ಹೇಳ್ತೀನ್ರೀ."

ಅಜ್ಜಾರು ಬಡಿಸುವವರನ್ನು ಕೂಗಿದರು. "ಹಂಗಾದ್ರ ಈಕಿ ಎಲಿಗೆ ಇನ್ನೊಂದು ಹೋಳಿಗಿ ಹಾಕ್ರಿ."