ನೀರಿನ ಮೇಲೆ ಒಂದು ಗೇಣು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಕೆಟ್ಟರೆ, ಮಾಡಿದವನನ್ನು ಕ್ಷಮಿಸಬೇಕಲ್ಲವೇ?"

ಗುರು, "ಕುಳಿತುಕೋ. ಚಾಪೆ ಹೆಣೆಯುವವಳೊಬ್ಬಳ ಕತೆ ಹೇಳುತ್ತೇನೆ" ಎಂದರು.

ಒಂದೂರಿನಲ್ಲಿ ಚಾಪೆ ಹೆಣೆಯುವವಳೊಬ್ಬಳಿದ್ದಳು. ಊರಿನ ಮೇಲುಗಡೆ ಒಂದು ಹೊಳೆ. ಗುಡ್ಡದಿಂದ ಇಳಿದು ಬಯಲಿಗೆ ಬಂದ ಮೇಲೆ ಅದು ಅವಸರ ಬಿಟ್ಟು, ಅಗಲವಾಗಿ ಹರಡಿಕೊಂಡು, ತುಂಬಿದ ಬಸುರಿಯ ಹೆಜ್ಜೆಯಲ್ಲಿ ಸಾಗುತ್ತಿತ್ತು. ಹರಡಿದಲ್ಲೆಲ್ಲ ಆಳೆತ್ತರದ ಜೊಂಡು. ಜೊಂಡಿನೊಳಗೆ ನೀರುಕೋಳಿ, ಕಪ್ಪೆ, ಮೀನಿನ ಮರಿ. ಅದನ್ನು ದಾಟಿ ಬಂದ ನೀರು ನಿಧಾನವಾಗಿ ಊರಿನ ಬಾವಿಗಳಿಗೆ ಇಂಗುತ್ತಿತ್ತು. ಆ ಊರಿನಲ್ಲಿ ಮದುಮಕ್ಕಳನ್ನು ಕೂರಿಸುವುದೂ ಜೊಂಡಿನ ಚಾಪೆಯ ಮೇಲೆ, ಹೆಣ ಮಲಗಿಸುವುದೂ ಜೊಂಡಿನ ಚಾಪೆಯ ಮೇಲೆ.

ಜೊಂಡು ಕೊಯ್ಯುವುದಕ್ಕೆ ಅವಳ ಕುಲದವರಲ್ಲಿ ಕಟ್ಟಳೆಯಿತ್ತು. ಈ ವರ್ಷ ಎಡದಂಡೆ ಕೊಯ್ದರೆ ಬರುವ ವರ್ಷ ಬಲದಂಡೆ. ನೀರುಕೋಳಿಯ ಮರಿಗಳು ಗೂಡು ಬಿಡುವ ತನಕ ಯಾರೂ ಕುಡುಗೋಲು ಮಸೆಯುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ, ನೀರಿನ ಮೇಲೆ ಒಂದು ಗೇಣು ಬಿಟ್ಟೇ ಕೊಯ್ಯಬೇಕು. ಆ ಗೇಣುದ್ದದ ಕೂಳೆಯೇ ಜೊಂಡಿನ ಮೂಗು. ಕೆಸರಿನಲ್ಲಿ ಹೂತ ಬೇರು ಅದರಿಂದಲೇ ಉಸಿರಾಡುತ್ತದೆ. ಇದನ್ನು ಅವಳ ಅತ್ತೆ ಅವಳ ಬೆನ್ನಿಗೆ ಗುದ್ದಿ ಕಲಿಸಿದ್ದಳು. ಅವಳು ತನ್ನ ಸೊಸೆಯರಿಗೆ ಬೈದು ಕಲಿಸಿದ್ದಳು.

ಹೀಗಿರಲು, ಆ ಊರಿನಲ್ಲಿ ಹುಟ್ಟಿ ಬೇರೆ ಸೀಮೆಯಲ್ಲಿ ಸಿರಿವಂತನಾದ ವರ್ತಕನೊಬ್ಬ ಹಿಂದಿರುಗಿದ. ಸತ್ತ ತಾಯಿಯ ಹೆಸರಿನಲ್ಲಿ ಊರಿಗೊಂದು ಪುಣ್ಯದ ಕೆಲಸ ಮಾಡುವೆನೆಂದು ಸಾರಿದ. ಹೊಳೆಯನ್ನು ನೋಡಿ ಮೂಗು ಮುಚ್ಚಿಕೊಂಡ. "ಇದೇನು ಕೊಳಕು! ತೆವಳುವ ನೀರು, ಕೊಳೆತ ಸೊಪ್ಪು, ಸೊಳ್ಳೆಗಳ ತವರುಮನೆ. ಜೊಂಡನ್ನೆಲ್ಲ ಕೊಯ್ಯಿಸಿ ಹೊಳೆಯನ್ನು ನೆಟ್ಟಗೆ ಹರಿಸುತ್ತೇನೆ. ಕಲ್ಲಿನ ಮೆಟ್ಟಿಲು ಕಟ್ಟಿಸುತ್ತೇನೆ. ಹರಿಯುವ ನೀರಿಗೆ ಮೈಲಿಗೆಯಿಲ್ಲ" ಎಂದ.

ಊರಿನ ಹಿರಿಯರು ಹೂಂಗುಟ್ಟಿದರು. ಅವರಲ್ಲಿ ಒಬ್ಬನಿಗಾದರೂ ಆ ನೀರು ಕುಡಿದು ಹೊಟ್ಟೆ ನೊಂದಿರಲಿಲ್ಲ. ಆದರೆ ರೇಷ್ಮೆ ಪಂಚೆಯವನ ಮುಂದೆ ನಮ್ಮ ನೀರು ಚೊಕ್ಕಟವಾಗಿದೆ ಎನ್ನಲು ಅವರಿಗೆ ನಾಚಿಕೆ.

ಚಾಪೆಯವಳಿಗೆ ಸುದ್ದಿ ಮುಟ್ಟಿತು. ಅವಳು ಎರಡು ಕೊಡ ನೀರು ತಂದು ವರ್ತಕನ ಮುಂದೆ ಇಳಿಸಿದಳು.

"ಧಣಿ, ಇದು ಜೊಂಡಿನ ಮೇಲುಗಡೆಯ ನೀರು. ಇದು ಕೆಳಗಡೆಯದು. ಬಗ್ಗಿ ನೋಡಿ."

ಮೊದಲನೆಯದು ಅಂಬಲಿಯಂತೆ ಬಗ್ಗಡ. ಎರಡನೆಯದರಲ್ಲಿ ಕೊಡದ ತಳ ಕಾಣುತ್ತಿತ್ತು.

ವರ್ತಕ ನಕ್ಕ. "ಸಾಕ್ಷಿಯನ್ನು ನೀನೇ ಹೊತ್ತು ತಂದೆಯಲ್ಲಮ್ಮ! ಮೇಲೆ ಇದ್ದ ಕೊಳೆ ಕೆಳಗಿಲ್ಲ. ಹಾಗಾದರೆ ಅದೆಲ್ಲ ನಡುವೆ, ನಿನ್ನ ಜೊಂಡಿನಲ್ಲಿ ಕುಳಿತಿದೆ. ನಾನು ತೆಗೆಸುವುದು ಅದನ್ನೇ."

"ಪೊರಕೆಯಲ್ಲಿ ಕಸ ಕಂಡರೆ ನಿಮ್ಮ ಮನೆಯಲ್ಲಿ ಪೊರಕೆಯನ್ನು ಒಲೆಗೆ ಹಾಕುತ್ತಾರೇನು, ಧಣಿ?"

ಹಿರಿಯನೊಬ್ಬ ಗದರಿದ: "ಚಾಪೆ ಹೆಣೆಯುವವಳಿಗೆ ಧರ್ಮಕಾರ್ಯದಲ್ಲಿ ಏನು ಕೆಲಸ? ಜೊಂಡು ಹೋದರೆ ನಿನ್ನ ಹೊಟ್ಟೆಪಾಡು ಹೋಗುತ್ತದೆ. ನಿನ್ನ ಉರಿಯೆಲ್ಲ ಅಷ್ಟಕ್ಕೇ."

ಎಲ್ಲರೂ ನಕ್ಕರು. ಹೊಟ್ಟೆಪಾಡಿನ ಮಾತು ಸುಳ್ಳಲ್ಲ. ಹನ್ನೊಂದು ಮನೆಗಳು ಆ ಜೊಂಡಿನಿಂದ ಉಣ್ಣುತ್ತಿದ್ದವು. ಆದರೆ ಬಾವಿಯ ನೀರನ್ನು ಹನ್ನೊಂದೇ ಮನೆಗಳು ಕುಡಿಯುತ್ತಿದ್ದವೇ? ಆ ಪ್ರಶ್ನೆ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಅವಳು ಸಿಟ್ಟು ನುಂಗಿಕೊಂಡು ಕೈ ಮುಗಿದಳು.

"ಕೊಯ್ಯಲೇಬೇಕೆಂದಿದ್ದರೆ ಕೊಯ್ಯಿಸಿ. ನೀರಿನ ಮೇಲೆ ಒಂದು ಗೇಣು ಮಾತ್ರ ಬಿಡಿಸಿ. ಬೇರು ಬದುಕುತ್ತದೆ. ಅಷ್ಟನ್ನಾದರೂ ನಡೆಸಿಕೊಡಿ."

"ಕೂಳೆ ಕಾಣುತ್ತಿದ್ದರೆ ಚೆನ್ನಾಗಿರುವುದಿಲ್ಲವಮ್ಮ" ಎಂದ ವರ್ತಕ.

ನೂರು ಆಳುಗಳು ಹೊಳೆಗೆ ಇಳಿದರು. ನೀರಿನೊಳಗೆ ಕೈ ಮುಳುಗಿಸಿ ಬುಡದಲ್ಲೇ ಕೊಯ್ದರು. ಅದು ನೀರುಕೋಳಿಗಳು ಕಾವು ಕುಳಿತ ತಿಂಗಳು. ಮೊಟ್ಟೆಗಳ ಸಮೇತ ಗೂಡುಗಳು ತೇಲಿಹೋದವು. ನಡುವೆ ನೆಟ್ಟಗೆ ಕಾಲುವೆ ತೋಡಿದರು. ಮೆಟ್ಟಿಲು ಕಟ್ಟಿ ತಾಯಿಯ ಹೆಸರು ಕೆತ್ತಿದರು. ವರ್ತಕನಿಗೆ ಹಾರ ಹಾಕಿದರು. ಸಂತರ್ಪಣೆಯಾಯಿತು. ಊರಿಗೆ ಊರೇ ಉಂಡಿತು, ಅವಳು ಹೆಣೆದ ಚಾಪೆಗಳ ಮೇಲೆ ಕುಳಿತು.

ಮಳೆ ಬಂತು. ಹಿಂದೆ ಮೂರು ತಿಂಗಳು ತಂಗುತ್ತಿದ್ದ ನೀರು ಮೂರೇ ದಿನದಲ್ಲಿ ಊರನ್ನು ಹಾದು ಓಡಿತು. ಓಡುವಾಗ ಗುಡ್ಡದ ಮಣ್ಣನ್ನೆಲ್ಲ ತಂದು ಗದ್ದೆಗಳ ಮೇಲೆ ಸುರಿಯಿತು. ಬಾವಿಗಳಿಗೆ ಇಂಗಲು ನೀರು ನಿಲ್ಲಲಿಲ್ಲ. ದಂಡೆಯ ಗುಂಡಿಗಳಲ್ಲಿ ಮಾತ್ರ ಒಂದಿಷ್ಟು ನಿಂತಿತು. ಸೊಳ್ಳೆಮರಿಯನ್ನು ತಿನ್ನುವ ಮೀನಾಗಲಿ ಕಪ್ಪೆಯಾಗಲಿ ಇಲ್ಲದ್ದರಿಂದ ಅಲ್ಲಿ ಸೊಳ್ಳೆ ಹಿಂದೆಂದೂ ಕಾಣದಷ್ಟು ಹುಟ್ಟಿತು.

ಚಾಪೆಯವಳು ದಿನವೂ ಹೊಳೆಗೆ ಹೋಗಿ ಚಿಗುರು ಹುಡುಕಿದಳು. ಒಂದೂ ಕಾಣಲಿಲ್ಲ. ಕೊನೆಗೆ ಕೆಸರಿಗೆ ಕೈ ಹಾಕಿ ಒಂದು ಬೇರನ್ನು ಎಳೆದಳು. ಅದು ಕಪ್ಪಾಗಿ, ಲೋಳೆಯಾಗಿ ಬೆರಳಿಗೆ ಮೆತ್ತಿಕೊಂಡಿತು. ಉಸಿರುಕಟ್ಟಿ ಸತ್ತಿತ್ತು.

ಶಿವರಾತ್ರಿಯ ಹೊತ್ತಿಗೆ ಬಾವಿಯಲ್ಲಿ ಕೊಡ ಮುಳುಗಲಿಲ್ಲ. ಹೆಂಗಸರು ಕಾಲುವೆಯ ತಳ ಕೆದಕಿ ಬಗ್ಗಡವನ್ನೇ ಬಸಿದು ತಂದರು. ಮಕ್ಕಳಿಗೆ ವಾಂತಿಭೇದಿ ಹಿಡಿಯಿತು. ಚಾಪೆಯವಳ ಕಿರಿಯ ಮೊಮ್ಮಗಳು ಬೆಳಗ್ಗೆ ಮಲಗಿದವಳು ಸಂಜೆಗೆ ಇರಲಿಲ್ಲ. ಮಲಗಿಸಲು ಮನೆಯಲ್ಲಿ ಒಂದು ಚಾಪೆಯೂ ಉಳಿದಿರಲಿಲ್ಲ. ಗೋಣಿಯ ಮೇಲೆ ಮಲಗಿಸಿದರು.

ಬೇರೆ ಸೀಮೆಯ ವ್ಯಾಪಾರಕ್ಕೆ ಮರಳಿದ್ದ ವರ್ತಕ ಸುದ್ದಿ ತಿಳಿದು ಓಡಿಬಂದ. ಊರ ಮುಂದಿನ ಕಟ್ಟೆಯ ಬಳಿ ಎಲ್ಲರೆದುರು ನೆಲಕ್ಕೆ ಕುಸಿದು ಅತ್ತ. "ನಾನು ಒಳ್ಳೆಯದನ್ನೇ ಬಯಸಿದ್ದೆ. ನನ್ನ ಮನಸ್ಸು ತಿಳಿನೀರಿನಂತಿತ್ತು, ತಾಯಾಣೆ" ಎಂದ.

ಊರವರ ಕರುಳು ಕರಗಿತು. ಹಿರಿಯರು ಅವನ ಬೆನ್ನು ಸವರಿದರು. "ಅಳಬೇಡಿ. ನಿಮ್ಮದು ದೊಡ್ಡ ಮನಸ್ಸು. ನಮ್ಮ ಹಣೆಬರಹ ಹೀಗಿತ್ತು" ಎಂದರು. ಒಬ್ಬ ಬೀಸಣಿಗೆ ಬೀಸಿದ. ಯಾರ ಮನೆಯಿಂದಲೋ ಒಂದು ಲೋಟ ಮಜ್ಜಿಗೆ ಬಂತು. ಮಗುವನ್ನು ಮಣ್ಣು ಮಾಡಿದ ದಿನ ಅವಳ ಮನೆಗೆ ಯಾರೂ ಮಜ್ಜಿಗೆ ಕಳುಹಿಸಿರಲಿಲ್ಲ.

ಅಂದು ಗದರಿದ ಹಿರಿಯನೇ ಈಗ ಅವಳತ್ತ ತಿರುಗಿದ. "ನೀನೂ ಒಂದು ಮಾತು ಆಡಿಬಿಡಮ್ಮ. ಕ್ಷಮಿಸಿದೆ ಅನ್ನು. ಅವರ ಜೀವ ಹಗುರವಾಗಲಿ."

ಚಾಪೆಯವಳು ಸೊಂಟದಲ್ಲಿದ್ದ ಬರಿಗೊಡವನ್ನು ವರ್ತಕನ ಮುಂದಿಟ್ಟಳು.

"ಮನಸ್ಸು ತಿಳಿನೀರು ಎಂದಿರಲ್ಲ ಧಣಿ, ಇದಕ್ಕೆ ಹೊಯ್ಯಿರಿ. ಉಳಿದ ಮೊಮ್ಮಕ್ಕಳಿಗೆ ಬಾಯಾರಿದೆ."

ಅವಳು ಒಂದು ಗಳಿಗೆ ಕಾದು, ಕೊಡವನ್ನು ಎತ್ತಿಕೊಂಡು, ಹಿಂದಿರುಗಿ ನೋಡದೆ ಹೊರಟುಹೋದಳು. ಅವಳ ಬೆನ್ನಿಗೆ ವರ್ತಕ ಇನ್ನೂ ಜೋರಾಗಿ ಅತ್ತ.

ಗುರು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಕಣ್ಣೊರೆಸಿಕೊಂಡ. "ಪಾಪ, ಗುರುಗಳೇ! ಅಷ್ಟು ಅತ್ತವನಿಗೆ ಅವಳು ಅಂಥ ಮಾತು ಆಡಬಾರದಿತ್ತು."

ಗುರು ಅವನನ್ನೇ ದಿಟ್ಟಿಸಿ ಹೇಳಿದರು:

"ಇಡೀ ಕತೆಯಲ್ಲಿ ನಿನಗೆ ಅಳು ಬಂದದ್ದು ಅವನೊಬ್ಬನಿಗೇ ಏನು?"